ಗಾರೆ ಒಣಗುವ ಮುನ್ನ: ಇಟಲಿಯಲ್ಲಿ ಏಳು ದಿನ

ಮಂಗಳವಾರ: ಪೊಂಪೈ

ನೇಪಲ್ಸಿನ ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜ. ಇದು ಗೊತ್ತಾದದ್ದು ಸೋಮವಾರ ರಾತ್ರಿ ಚೀಲ ಬಿಚ್ಚುವಾಗ. ಮೊದಲು ಮ್ಯೂಸಿಯಂ, ಆಮೇಲೆ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ಊರು ಪೊಂಪೈ ಎಂದು ಹಾಕಿದ್ದ ಲೆಕ್ಕ ತಿರುವುಮುರುವಾಯಿತು. ಆದದ್ದು ಒಳ್ಳೆಯದೇ. ಖಾಲಿ ಮನೆಗಳನ್ನು ಮೊದಲು ಸುತ್ತಿ, ಅವುಗಳ ಪಾತ್ರೆಪಡಗವನ್ನು ಮರುದಿನ ನೋಡಿದರೆ ಯಾವುದು ಯಾವ ಮೂಲೆಯಲ್ಲಿತ್ತೆಂದು ಕಣ್ಣಿಗೆ ಕಟ್ಟುತ್ತದೆ. ಈ ದಾರಿ ಹಿಡಿಯುವವರು ಪೊಂಪೈಯನ್ನೇ ಮುಂದಿಟ್ಟುಕೊಳ್ಳಲಿ.

ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಇಳಿಯಬೇಕಾದದ್ದು 'ಪೊಂಪೈ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ' ನಿಲ್ದಾಣದಲ್ಲಿ. ಪೊಂಪೈ ಹೆಸರಿನ ಬೇರೆ ನಿಲ್ದಾಣಗಳು ಹೊಸ ಊರಿನವು. 2024ರ ನವೆಂಬರಿನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ. ಟಿಕೆಟ್ಟಿನ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಬೇಕು. 30×30×15 ಸೆಂಟಿಮೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಅಕ್ಟೋಬರಿನಲ್ಲೂ ಬಿಸಿಲು ಚುರುಕಾಗಿಯೇ ಇತ್ತು. ನೆರಳು ಕಡಿಮೆ, ಆದರೆ ಬೀದಿ ಮೂಲೆಯ ಕಲ್ಲುತೊಟ್ಟಿಗಳಲ್ಲಿ ಕೆಲವಕ್ಕೆ ಇಂದಿಗೂ ಕುಡಿಯುವ ನೀರು ಬರುತ್ತದೆ.

ಬೀದಿಗೆ ಹಾಸಿದ ಲಾವಾ ಕಲ್ಲುಗಳ ಮೇಲೆ ನಡೆಯುವುದಕ್ಕೆ ಚಪ್ಪಲಿ ಸಾಲದು. ಗಾಡಿಚಕ್ರ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಕೈ ಮುಳುಗುವಷ್ಟು ಗಾಡಿಜಾಡು ಬಿದ್ದಿದೆ. ಕೊಳೆನೀರು ತುಳಿಯದೆ ಬೀದಿ ದಾಟಲು ಅಡ್ಡಲಾಗಿ ದಿಂಡುಗಲ್ಲುಗಳನ್ನು ನೆಟ್ಟಿದ್ದಾರೆ, ನಡುವೆ ಚಕ್ರ ಹಾಯಲು ಸಂದು. ಗಾಡಿಯ ಅಗಲಕ್ಕೂ ಈ ಸಂದಿಗೂ ಹೊಂದಿಕೆ ತಪ್ಪಿದರೆ ಊರೊಳಗೆ ಬರುವಂತೆಯೇ ಇರಲಿಲ್ಲ.

ಕಾಲು ನಿಲ್ಲಬೇಕಾದದ್ದು ಮೊದೆಸ್ತುಸನ ಬೇಕರಿಯಲ್ಲಿ. 1862ರಲ್ಲಿ ಇದರ ಒಲೆ ತೆರೆದಾಗ ಕರಿಕಟ್ಟಿದ 81 ರೊಟ್ಟಿಗಳು ಸಿಕ್ಕವು. ಅಂಗಳದಲ್ಲಿ ಆಳೆತ್ತರದ ಬೀಸುಗಲ್ಲುಗಳು ಈಗಲೂ ನಿಂತಿವೆ. ನಮ್ಮ ಬೀಸುಗಲ್ಲಿನಂತೆ ಚಪ್ಪಟೆಯಲ್ಲ. ಕೆಳಗಿನದು ಶಂಕುವಿನಂಥ ಗೂಟ. ಮೇಲಿನದು ನಡು ಸಣ್ಣಗಿರುವ ಡಮರು, ಅದರ ಮೇಲರ್ಧವೇ ಕಾಳು ಸುರಿಯುವ ಬಾಯಿ. ಡಮರುವಿನ ಸೊಂಟಕ್ಕೆ ಮರದ ಕಟ್ಟು ಹಾಕಿ ಕತ್ತೆಯಿಂದ ತಿರುಗಿಸುತ್ತಿದ್ದರು. ಇದಕ್ಕೆ ಲಾವಾ ಕಲ್ಲೇ ಏಕೆ? ಅದರ ಮೈತುಂಬ ಗಾಳಿಗುಳ್ಳೆಯ ತೂತುಗಳಿವೆ. ಸವೆದ ಹಾಗೆಲ್ಲ ಹೊಸ ತೂತಿನ ಅಂಚು ಮೇಲೆ ಬರುತ್ತದೆ, ಕಲ್ಲಿನ ಹರಿತ ತಾನಾಗಿಯೇ ಉಳಿಯುತ್ತದೆ. ಆದರೂ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರದೆ ಇರುತ್ತಿರಲಿಲ್ಲ.

ಮಧ್ಯಾಹ್ನ ಗೋಡೆಗಳಿಗೆ ಮೀಸಲು. ರೋಮಿನ ವಾಸ್ತುಕಾರ ವಿಟ್ರೂವಿಯಸ್ ಒಳ್ಳೆಯ ಗೋಡೆಗೆ ಒರಟು ಗಿಲಾವಿನ ಮೇಲೆ ಮರಳುಗಾರೆಯ ಮೂರು ಪದರ, ಅದರ ಮೇಲೆ ಅಮೃತಶಿಲೆಯ ಪುಡಿ ಬೆರೆಸಿದ ಮೂರು ಪದರ ಹೇಳುತ್ತಾನೆ. ಪೊಂಪೈಯ ಮೇಸ್ತ್ರಿಗಳು ಅಷ್ಟೆಲ್ಲ ಹಚ್ಚುವ ಗೋಜಿಗೆ ಹೋದವರಲ್ಲ, ಒಡೆದ ಅಂಚಿನಲ್ಲಿ ಪದರ ಎಣಿಸಿದರೆ ತಿಳಿಯುತ್ತದೆ. ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಮೇಲೆ ಬಳಿದದ್ದು ಸೋರಿ ಕೆಳಗಿನದು ಕೆಡಬಾರದಲ್ಲ. ಗೋಡೆಯ ನಡುವಿನ ಚಿತ್ರಕ್ಕೆ ಮಾತ್ರ ಜಾಗ ಬಿಟ್ಟು, ನುರಿತ ಕೈ ಬಂದ ಮೇಲೆ ಅಲ್ಲಿಗೆ ಹೊಸ ಗಾರೆ ಹಾಕುತ್ತಿದ್ದರು. 'ಕೆಲಸದಲ್ಲಿದ್ದ ಚಿತ್ರಗಾರರ ಮನೆ' ಎಂಬ ಹೆಸರಿನ ಮನೆಯಲ್ಲಿ ಗೋಡೆಯ ಮೇಲ್ಭಾಗ ಮುಗಿದು, ನಡುವಿನ ಚಿತ್ರ ಬರೀ ಗೆರೆಯಲ್ಲಿ ನಿಂತಿದೆ. ಬೆಟ್ಟ ಸಿಡಿದಾಗ ಕೆಲಸ ಅಷ್ಟಕ್ಕೆ ಬಿಟ್ಟು ಓಡಿದ್ದಾರೆ.

ಪ್ರಸಿದ್ಧವಾದ 'ಪೊಂಪೈ ಕೆಂಪು' ಎಲ್ಲ ಕಡೆಯೂ ಅಸಲಿ ಕೆಂಪಲ್ಲ. ಹಳದಿ ಕಾವಿಮಣ್ಣು ಕಾದರೆ ಅದರ ನೀರಂಶ ಹೋಗಿ ಕೆಂಪಾಗುತ್ತದೆ. ವೆಸೂವಿಯಸ್ಸಿನ ಬಿಸಿಗಾಳಿಗೆ ಎಷ್ಟೋ ಹಳದಿ ಗೋಡೆಗಳು ಹೀಗೆ ಬಣ್ಣ ಬದಲಿಸಿವೆ. ಒಂದೇ ಗೋಡೆಯಲ್ಲಿ ಹಳದಿ ಮೋಡಮೋಡವಾಗಿ ಕೆಂಪಿಗೆ ತಿರುಗುವುದು ಕಂಡರೆ ಅದು ಬೆಂಕಿಯ ಕೈವಾಡ. ಕುಂದಾಪುರ, ಕುಮಟೆ ಕಡೆಯ ದೇವಸ್ಥಾನಗಳ ಕಾವಿ ಚಿತ್ರ ನೋಡಿದವರಿಗೆ ಈ ಮಣ್ಣಿನ ಪರಿಚಯವಿದೆ. ಅಲ್ಲಿ ಬಿಳಿ ಸುಣ್ಣದ ಮೇಲೆ ಕಾವಿಯ ಪದರ ಹಚ್ಚಿ, ಹಸಿಯಿರುವಾಗಲೇ ಕೆರೆದು ಚಿತ್ರ ಬಿಡಿಸುತ್ತಾರೆ. ಗಾರೆ ಒಣಗುವ ಮುನ್ನ ಕೆಲಸ ಮುಗಿಯಬೇಕೆಂಬ ಅವಸರ ಅಲ್ಲೂ ಅದೇ, ಇಲ್ಲೂ ಅದೇ.

ವೆಸೂವಿಯಸ್ ಸಿಡಿದದ್ದು ಯಾವ ದಿನ? ಅದನ್ನು ಕಣ್ಣಾರೆ ಕಂಡ ಕಿರಿಯ ಪ್ಲಿನಿಯ ಪತ್ರದ ಪ್ರತಿಗಳನ್ನು ನಂಬಿ ಕ್ರಿ.ಶ. 79ರ ಆಗಸ್ಟ್ 24 ಎನ್ನುತ್ತಿದ್ದರು. 2018ರಲ್ಲಿ 'ತೋಟದ ಮನೆ'ಯ ಗೋಡೆಯಲ್ಲಿ ಇದ್ದಿಲಿನ ಬರಹವೊಂದು ಸಿಕ್ಕಿತು. ಅದರಲ್ಲಿರುವ ತೇದಿ 'ನವೆಂಬರ್ ಮೊದಲ ದಿನಕ್ಕೆ ಹದಿನಾರನೆಯ ದಿನ', ಅಂದರೆ ಅಕ್ಟೋಬರ್ 17. ಆ ಮನೆಯಲ್ಲಿ ದುರಸ್ತಿ ನಡೆದಿತ್ತು. ಕೈ ತಗುಲಿದರೆ ಅಳಿಸುವ ಇದ್ದಿಲು ವರ್ಷಗಟ್ಟಲೆ ಉಳಿಯುವುದಿಲ್ಲ, ಆದ್ದರಿಂದ ಅದೇ ವರ್ಷದ್ದು ಎಂಬುದು ತರ್ಕ. ಬರೆದವನು ವರ್ಷ ಹಾಕಿಲ್ಲ, ಹಾಗಾಗಿ ವಾದ ಇನ್ನೂ ಮುಗಿದಿಲ್ಲ. ದಾಳಿಂಬೆ, ಅಕ್ರೋಟಿನಂಥ ಶರತ್ಕಾಲದ ಫಲಗಳ ಅವಶೇಷ ಅಕ್ಟೋಬರಿನ ಕಡೆಗೇ ವಾಲುತ್ತದೆ. ನಿಲ್ದಾಣದ ಎದುರಿನ ಗಾಡಿಯಲ್ಲೂ ಆ ಸಂಜೆ ದಾಳಿಂಬೆ ರಸವೇ ಭರಾಟೆಯಲ್ಲಿತ್ತು.

ಬುಧವಾರ: ನೇಪಲ್ಸ್

ಮ್ಯೂಸಿಯಂನಲ್ಲಿ ಮೊದಲು ಹುಡುಕಿದ್ದು ರೊಟ್ಟಿಯನ್ನು. ದುಂಡಗೆ, ಎಂಟು ಹೋಳಾಗಿ ಮುರಿಯುವಂತೆ ಮೇಲೆ ಗೀರು, ಇದ್ದಿಲಿನಷ್ಟು ಕಪ್ಪು. ಹಿಂದಿನ ದಿನದ ಬೀಸುಗಲ್ಲು ನೆನಪಾಗದೆ ಇರದು.

ಕನ್ನಡಿಗರು ತಪ್ಪಿಸಬಾರದ ವಸ್ತು ಇರುವುದು 'ಗುಪ್ತ ಕೋಣೆ' ಎಂಬ ವಿಭಾಗದಲ್ಲಿ. ಕಾಮಚಿತ್ರಗಳೆಂದು ಬಹುಕಾಲ ಬೀಗ ಹಾಕಿಟ್ಟಿದ್ದ ಸಂಗ್ರಹವದು, ಸಾರ್ವಜನಿಕರಿಗೆ ಸರಿಯಾಗಿ ತೆರೆದದ್ದು 2000ದಲ್ಲಿ. ಅಲ್ಲಿ ಗಾಜಿನೊಳಗೆ ಒಂದು ಗೇಣಿಗಿಂತ ತುಸು ಎತ್ತರದ ದಂತದ ಹೆಣ್ಣು ನಿಂತಿದ್ದಾಳೆ. ಕೈತುಂಬ ಬಳೆ, ಸೊಂಟಕ್ಕೆ ಮೇಖಲೆ, ಕಾಲಿಗೆ ದಪ್ಪ ಕಡಗ, ಇಕ್ಕೆಲದಲ್ಲಿ ಅಲಂಕಾರದ ಪಾತ್ರೆ ಹಿಡಿದ ಪುಟ್ಟ ಸೇವಕಿಯರು. 1938ರಲ್ಲಿ ಪೊಂಪೈಯ ಮನೆಯೊಂದರಲ್ಲಿ ಸಿಕ್ಕಿದ್ದು. 'ಪೊಂಪೈ ಲಕ್ಷ್ಮಿ' ಎಂದು ಹೆಸರಿಟ್ಟರು. ಆದರೆ ಕೈಯಲ್ಲಿ ಕಮಲವಿಲ್ಲ, ಆನೆಗಳಿಲ್ಲ. ಯಕ್ಷಿ ಎನ್ನುವುದೇ ಹೆಚ್ಚು ಸರಿ.

ಗಾಜಿನ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ. ನೆತ್ತಿಯಿಂದ ಕೆಳಮುಖವಾಗಿ ಕೊರೆದ ತೂತು ಇದೆ. ಅಂದರೆ ಇದು ಬಿಡಿ ಮೂರ್ತಿಯಲ್ಲ, ಕನ್ನಡಿಯ ಹಿಡಿಯೋ ಪುಟ್ಟ ಮೇಜಿನ ಕಾಲೋ ಆಗಿದ್ದಿರಬೇಕು. ಬೆನ್ನ ಕಡೆಯೂ ಜಡೆ, ಒಡವೆ ಎಲ್ಲ ಪೂರಾ ಕೆತ್ತಿರುವುದು ಅದಕ್ಕೇ, ಕೈಯಲ್ಲಿ ಹಿಡಿದು ತಿರುಗಿಸುವ ವಸ್ತುವಿಗೆ ಬೆನ್ನಿರುವುದಿಲ್ಲ. ಪೀಠದಲ್ಲಿ ಖರೋಷ್ಠಿಯ ಒಂದಕ್ಷರ, ಅದು ವಾಯವ್ಯ ಭಾರತದ ಲಿಪಿ. ಆದರೆ ಇದೇ ಬಗೆಯ ದಂತದ ಬೊಂಬೆಗಳು ಸಿಕ್ಕಿರುವುದು ಮಹಾರಾಷ್ಟ್ರದ ಭೋಕರ್ದನ್ ಮತ್ತು ತೇರ್‌ನಲ್ಲಿ. ತೇರ್ ಎಂದರೆ ಹಳೆಯ ತಗರ, ಕಲಬುರಗಿ, ಬೀದರಿನ ಗಡಿಯಾಚೆ ಬಹಳ ದೂರವೇನಲ್ಲ. ಶಿಲಾಹಾರರು ಕನ್ನಡ ಶಾಸನಗಳಲ್ಲಿ 'ತಗರಪುರವರಾಧೀಶ್ವರ' ಎಂದು ಹೇಳಿಕೊಂಡದ್ದು ಇದೇ ಊರಿನ ಹೆಸರಿನಲ್ಲಿ. ದಂತ ಆ ದಾರಿಯಲ್ಲಿ ಹೋಯಿತು, ರೋಮಿನ ಬೆಳ್ಳಿ ಈ ಕಡೆ ಬಂತು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ದಿನಾರಗಳು ಸಿಕ್ಕಿವೆ.

ಕಾವಲಿಗಿದ್ದ ಹೆಂಗಸು ಬಂದು ಇಂಡಿಯಾದವರೇ ಎಂದು ಕೇಳಿದರು. ಹೌದು ಎಂದದ್ದಕ್ಕೆ, "ಹಾಗಿದ್ದರೆ ಇವಳ ಸೊಂಟದಲ್ಲಿರುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ?" 'ಡಾಬು' ಎಂಬ ಶಬ್ದವನ್ನು ಎರಡು ಸಲ ಹೇಳಿ ಕಲಿತುಕೊಂಡರು.

ಸಂಜೆ ವೇಗದ ರೈಲಿನಲ್ಲಿ ಬೊಲೋನ್ಯಾ, ಅಲ್ಲಿಂದ ಪ್ಯಾಸೆಂಜರಿನಲ್ಲಿ ರವೆನ್ನಾ. ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ತೆಗೆದಿದ್ದರೆ ಪ್ಲಾಟ್‌ಫಾರಂನ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಿಯೇ ಹತ್ತಬೇಕು. ಮರೆತರೆ ದಂಡ, ಹೊಸಬರೆಂದು ಬಿಡುವುದಿಲ್ಲ.

ಗುರುವಾರ: ರವೆನ್ನಾ

ಬೆಳಿಗ್ಗೆ ಪೋ ನದಿ ಬಯಲಿನ ಮಂಜು ಎದುರುಮನೆಯನ್ನೂ ನುಂಗಿತ್ತು. ಗಾಜಿನ, ಕಲ್ಲಿನ ಹರಳು ಕೂರಿಸಿ ಮಾಡಿದ ಮೊಸಾಯಿಕ್ ಚಿತ್ರ ನೋಡಲು ಬಂದ ದಿನ ಬಿಸಿಲಿಲ್ಲವೆಂದು ಮುಖ ಸಣ್ಣ ಮಾಡಬೇಕಾಗಿಲ್ಲ. ಮಬ್ಬಿನಲ್ಲೂ ಚಿನ್ನ ಉರಿಯಬೇಕೆಂದೇ ಇವನ್ನು ಮಾಡಿದ್ದು.

ಐದು ಕಡೆಗೆ ಸೇರಿ ಒಂದೇ ಟಿಕೆಟ್. ರೋಮಿನ ರಾಣಿ ಗಲ್ಲಾ ಪ್ಲಾಸಿದಿಯಾಳ ಹೆಸರಿನ ಸಮಾಧಿ ಮಂದಿರಕ್ಕೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಒಳಗಿರಲು ಬಿಡುವುದು ಕೆಲವೇ ನಿಮಿಷ, ಉಸಿರಿನ ತೇವ ಗೋಡೆಗೆ ಒಳ್ಳೆಯದಲ್ಲ. ಐದನೇ ಶತಮಾನದ ಈ ಪುಟ್ಟ ಶಿಲುಬೆಯಾಕಾರದ ಕಟ್ಟಡ ಹೊರಗಿನಿಂದ ಇಟ್ಟಿಗೆಯ ಗೋದಾಮಿನ ಹಾಗಿದೆ. ಗಿಡ್ಡವಾಗಿ ಕಾಣುವುದಕ್ಕೆ ಕಾರಣವಿದೆ. ಊರ ನೆಲ ಕುಸಿದು ನೀರು ಮೇಲೆ ಬಂದದ್ದರಿಂದ ಒಳನೆಲವನ್ನು ಸುಮಾರು ಒಂದೂವರೆ ಮೀಟರ್ ಎತ್ತರಿಸಿದ್ದಾರೆ. ಹೊಕ್ಕ ಕೂಡಲೇ ಏನೂ ಕಾಣುವುದಿಲ್ಲ. ಮೊದಲ ನಿಮಿಷ ಕಣ್ಣು ಮುಚ್ಚಿ ನಿಂತು ತೆರೆದರೆ ಕಡುನೀಲಿಯ ಮೇಲೆ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಜೇನುಬಣ್ಣದ ಬೆಳಕು ಬಿಡುವ ಅಲಬಾಸ್ಟರ್ ಕಲ್ಲಿನ ಕಿಟಕಿಹಲಗೆಗಳು ಹಳೆಯವಲ್ಲ, ಇಪ್ಪತ್ತನೇ ಶತಮಾನದ ಆರಂಭದವು. ಹಳೆಯ ಬೆಳಕೇ ಇದು ಎಂದುಕೊಂಡು ಹೊರಬರುವವರೇ ಹೆಚ್ಚು.

ಪಕ್ಕದ ಸಾನ್ ವಿತಾಲೆ ಚರ್ಚು 547ರಲ್ಲಿ ಪ್ರತಿಷ್ಠೆಯಾದದ್ದು. ಹಣ ಕೊಟ್ಟವನು ಜೂಲಿಯಾನುಸ್ ಎಂಬ ಲೇವಾದೇವಿಯ ಸಾಹುಕಾರ. 26,000 ಚಿನ್ನದ ನಾಣ್ಯ ಸುರಿದನೆಂದು ಒಂಬತ್ತನೇ ಶತಮಾನದ ಊರ ಚರಿತ್ರೆಕಾರ ಬರೆದಿದ್ದಾನೆ. ಒಳಗೆ ಎದುರುಬದುರಾಗಿ, ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳುತ್ತಿದ್ದ ಚಕ್ರವರ್ತಿ ಜಸ್ಟೀನಿಯನ್, ರಾಣಿ ಥಿಯೊಡೋರಾ. ಇಬ್ಬರೂ ರವೆನ್ನಾಕ್ಕೆ ಕಾಲಿಟ್ಟವರೇ ಅಲ್ಲ. ರಾಣಿಯ ಸೆರಗಿನ ಅಂಚಿನಲ್ಲಿ ಕೂಸು ಏಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳನ್ನು ಕಸೂತಿಯಂತೆ ಕೂರಿಸಿದ್ದಾರೆ, ದುರ್ಬೀನು ಒಯ್ದವರಿಗೆ ಸ್ಪಷ್ಟ ಕಾಣುತ್ತದೆ. ಮುಖಕ್ಕೆ ಸಣ್ಣ ಹರಳು, ಬಟ್ಟೆಗೆ ದೊಡ್ಡ ಹರಳು ಎಂಬ ಲೆಕ್ಕವೂ ದುರ್ಬೀನಿನಲ್ಲೇ ತಿಳಿಯುವುದು.

ಮಧ್ಯಾಹ್ನ ಪಿಯಾದೀನಾ. ಹೆಂಚಿನ ಮೇಲೆ ಸುಟ್ಟ ಮೈದಾರೊಟ್ಟಿ, ಒಳಗೆ ಮೆತ್ತನೆಯ ಹುಳಿಗಿಣ್ಣು (ಚೀಸು), ಸೊಪ್ಪು. ಹಿಟ್ಟಿಗೆ ಹಂದಿ ಕೊಬ್ಬು ಕಲಸುವ ಅಂಗಡಿಗಳೇ ಹೆಚ್ಚು. ಸಸ್ಯಾಹಾರಿಗಳು 'ಎಣ್ಣೆಯದು' ಎಂದು ಮೊದಲೇ ಕೇಳಿ ತೆಗೆದುಕೊಳ್ಳಬೇಕು, 'ಓಲಿಯೋ' ಎಂದರೆ ಸಾಕು.

ಅದೇ ಬೀದಿಯ ಮೊಸಾಯಿಕ್ ಕಾರ್ಯಾಗಾರದ ಬಾಗಿಲು ತೆರೆದಿತ್ತು. ಒಳಗೆ ಕುಳಿತಿದ್ದ ಹೆಂಗಸು ತಲೆಯೆತ್ತದೆ ಕೈಯಲ್ಲೇ ಬನ್ನಿ ಎಂದರು. ಎದುರಿಗೆ ಮರದ ಕೊರಡು, ಅದರ ತಲೆಯಲ್ಲಿ ಅಲಗು ಮೇಲಾಗಿ ನೆಟ್ಟ ಉಳಿ, ಕೈಯಲ್ಲಿ ಎರಡೂ ತುದಿ ಚೂಪಾದ, ಬಿಲ್ಲಿನಂತೆ ಬಾಗಿದ ಸುತ್ತಿಗೆ. ಗಾಜಿನ ಬಿಲ್ಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಳಿಯ ಅಲಗಿನ ಮೇಲಿಟ್ಟು, ಸರಿಯಾಗಿ ಅದರ ನೇರಕ್ಕೆ ಸುತ್ತಿಗೆಯ ಒಂದೇ ಏಟು. ಏಟಿಗೆ ಬಲ ಬೇಡ, ನೇರ ಬೇಕು. ಎರಡು ಅಲಗುಗಳ ನಡುವೆ ಒತ್ತಡದ ಗೆರೆ ಹರಿದು ಗಾಜು ತಾನೇ ಸೀಳುತ್ತದೆ. ಕೂದಲೆಳೆ ಆಚೀಚೆಯಾದರೆ ಪುಡಿ. ಚಿನ್ನದ ಹರಳು ಇನ್ನೂ ನಾಜೂಕು. ದಪ್ಪ ಗಾಜಿನ ಮೇಲೆ ಚಿನ್ನದ ರೇಕು, ಅದರ ಮೇಲೆ ತೆಳು ಗಾಜಿನ ಹೊದಿಕೆ, ಮೂರನ್ನೂ ಕುಲುಮೆಯಲ್ಲಿ ಬೆಸೆದದ್ದು. ಹೊದಿಕೆ ಸರಿಯಾಗಿ ಬೆಸೆಯದಿದ್ದರೆ ಕೆಲಕಾಲದಲ್ಲಿ ಅದು ಎದ್ದು ಹೋಗುತ್ತದೆ, ಹಿಂದೆಯೇ ಚಿನ್ನ.

"ಹಳಬರು ಹರಳನ್ನು ಸಮತಟ್ಟಾಗಿ ಕೂರಿಸುತ್ತಿರಲಿಲ್ಲ" ಎಂದು ಅವರು ಅಂಗೈ ಓರೆ ಮಾಡಿ ತೋರಿಸಿದರು. ಹಸಿಗಾರೆಯಲ್ಲಿ ಒಂದೊಂದೂ ತುಸು ಬೇರೆ ವಾಲು. ನೋಡುವವನು ಒಂದು ಹೆಜ್ಜೆ ಸರಿದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಹಿಂದಿನ ದುರಸ್ತಿಗಾರರು ಎಷ್ಟೋ ಕಡೆ ಒಪ್ಪವಾಗಿ ಮಟ್ಟಸ ಮಾಡಿಬಿಟ್ಟರು, ಅಂಥ ಕಡೆ ಚಿನ್ನ ಹಿತ್ತಾಳೆ ತಗಡಿನ ಹಾಗೆ ಕಾಣುತ್ತದೆ. ಸಂಜೆ ಸಾನ್ ವಿತಾಲೆಗೆ ಮರಳಿ ಹೋಗಿ ತಲೆ ಆಚೀಚೆ ಆಡಿಸುತ್ತ ನೋಡಿದ್ದಾಯಿತು. ಅವರು ಹೇಳಿದ್ದು ನಿಜ.

ಶುಕ್ರವಾರ: ರವೆನ್ನಾದಲ್ಲೇ, ಮುಷ್ಕರದ ದಯೆ

ಬೆಳಿಗ್ಗೆ ನಿಲ್ದಾಣದ ಫಲಕದ ತುಂಬ ಕೆಂಪಕ್ಷರ. ರೈಲು ಮುಷ್ಕರ. ಇಟಲಿಯಲ್ಲಿ ಶುಕ್ರವಾರಕ್ಕೂ ಮುಷ್ಕರಕ್ಕೂ ನಂಟು ಗಟ್ಟಿ. ಆದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ಯಾಸೆಂಜರ್ ರೈಲುಗಳ ಸೇವೆ ಇರಲೇಬೇಕೆಂಬ ನಿಯಮವಿದೆ. ಬೆಳಗಿನದು ತಪ್ಪಿತ್ತು, ಸಂಜೆಯ ತನಕ ಊರು ಕೈಗೆ ಸಿಕ್ಕಿತು.

ಹಾಗೆ ಸಿಕ್ಕ ಹೊತ್ತಿನಲ್ಲಿ ನೋಡಿದ ಸಾಂತ್ ಅಪೊಲ್ಲಿನಾರೆ ನುವೋವೋ ಇಡೀ ಪ್ರವಾಸದಲ್ಲೇ ಅಚ್ಚರಿಯ ಜಾಗ. ಇಟಲಿಯನ್ನಾಳಿದ ಜರ್ಮನಿಕ್ ಬುಡಕಟ್ಟಿನ ಗಾಥರ ದೊರೆ ಥಿಯೊಡೊರಿಕ್ ಕಟ್ಟಿಸಿದ ಅರಮನೆ ಚರ್ಚು. ಗೋಡೆಯ ಮೇಲೆ ಅವನ ಅರಮನೆಯ ಮೊಸಾಯಿಕ್, ಕಂಬಕಂಬದ ನಡುವೆ ಆಸ್ಥಾನದವರು ನಿಂತಿದ್ದರು. ಗಾಥರು ಆರಿಯನ್ ಎಂಬ, ಏಸುವನ್ನು ದೇವರಿಗೆ ಸಮನೆಂದು ಒಪ್ಪದ ಕ್ರೈಸ್ತ ಪಂಥದವರು. ಜಸ್ಟೀನಿಯನ್ನನ ಸೈನ್ಯ ಊರು ಹಿಡಿದ ಮೇಲೆ, 560ರ ಸುಮಾರಿಗೆ, ಚರ್ಚನ್ನು ಕ್ಯಾಥೊಲಿಕರಿಗೆ ಒಪ್ಪಿಸುವಾಗ ಆ ಆಕೃತಿಗಳನ್ನೆಲ್ಲ ಕಿತ್ತು, ಜಾಗದಲ್ಲಿ ಇಳಿಬಿಟ್ಟ ಪರದೆಗಳನ್ನು ಕೂರಿಸಿದರು. ಆದರೆ ಕೆಲವರ ಕೈ ಕಂಬದ ಮೇಲೆ ಚಾಚಿತ್ತು. ಕಂಬ ಕೀಳುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ? ಹಾಗಾಗಿ ಬಿಳಿ ಕಂಬಗಳ ಮೇಲೆ ಇಂದಿಗೂ ಮೈಯಿಲ್ಲದ ಕೈಗಳು ಉಳಿದಿವೆ, ಒಂದು ಕಡೆ ಬೆರಳು, ಇನ್ನೊಂದು ಕಡೆ ಮಣಿಕಟ್ಟಿನವರೆಗೆ. ಪರದೆಗಳ ಸುತ್ತ ಹರಳಿನ ಬಣ್ಣ ತುಸು ಬೇರೆ. ತೇಪೆಯ ಗೆರೆ ನೆಲದಿಂದಲೇ ಹಿಡಿಯಬಹುದು.

ಆರ್ಚ್‌ಬಿಷಪ್ ಮ್ಯೂಸಿಯಂನಲ್ಲಿ ಮತ್ತೆ ದಂತ. ಬಿಷಪ್ ಮಾಕ್ಸಿಮಿಯನ್ನನ ಆರನೇ ಶತಮಾನದ ಪೀಠಕ್ಕೆ ಮೈತುಂಬ ದಂತದ ಹಲಗೆ, ಪಕ್ಕಗಳಲ್ಲಿ ಬೈಬಲಿನ ಜೋಸೆಫನ ಕಥೆ. ಹಲಗೆಗಳ ಅಗಲ ಗಮನಿಸಿ: ಆನೆಯ ದಂತದ ದಪ್ಪಕ್ಕಿಂತ ಅಗಲದ ಹಲಗೆ ಯಾವ ರಾಜನಿಗೂ ಸಿಗದು. ಆದ್ದರಿಂದ ಕಥೆಯನ್ನೇ ತುಂಡು ತುಂಡಾಗಿ ಯೋಚಿಸಬೇಕು.

ಸಾನ್ ಫ್ರಾಂಚೆಸ್ಕೋ ಚರ್ಚಿನ ನೆಲಮಾಳಿಗೆಯಲ್ಲಿ ಅಂತರ್ಜಲ ತುಂಬಿ ಕೊಳವಾಗಿದೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ನೀರಡಿಯಲ್ಲಿ ಹಳೆಯ ಮೊಸಾಯಿಕ್ ನೆಲ, ಅದರ ಮೇಲೆ ಚಿನ್ನದ ಮೀನುಗಳ ತಿರುಗಾಟ. ಪಕ್ಕದಲ್ಲೇ 1321ರಲ್ಲಿ ಇಲ್ಲೇ ತೀರಿಕೊಂಡ ಕವಿ ದಾಂತೆಯ ಸಮಾಧಿ. ಅವನನ್ನು ಊರಿನಿಂದ ಓಡಿಸಿದ ಫ್ಲಾರೆನ್ಸಿನವರು ಪ್ರಾಯಶ್ಚಿತ್ತಕ್ಕೆಂಬಂತೆ ಇಲ್ಲಿನ ದೀಪಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಕಳಿಸುತ್ತಾರೆ.

ಆರೂಕಾಲರ ರೈಲು ಬಂತು. ನಿಂತುಕೊಂಡೇ ಪಾದೊವಾ.

ಶನಿವಾರ: ಪಾದೊವಾ

ಚಿತ್ರಗಾರ ಜೊತ್ತೋನ ಗೋಡೆಚಿತ್ರಗಳಿರುವ ಸ್ಕ್ರೊವೆನ್ಯಿ ಚಾಪೆಲ್ಲಿಗೆ (ಪುಟ್ಟ ಪ್ರಾರ್ಥನಾ ಮಂದಿರ) ಟಿಕೆಟ್ ದಿನಗಟ್ಟಲೆ ಮೊದಲೇ ತೆಗೆದಿರಬೇಕು. ಹೊತ್ತಿಗೆ ಐದು ನಿಮಿಷ ಮೊದಲೇ ಗಾಜಿನ ಕೋಣೆಯ ಬಾಗಿಲಲ್ಲಿರಬೇಕು, ಬಾಗಿಲು ಮುಚ್ಚಿದರೆ ಹಣ ಹೋದಂತೆ. ಒಂದು ಸರದಿಗೆ 25 ಜನ. ಕಾಲು ಗಂಟೆ ಆ ಕೋಣೆಯಲ್ಲಿ ಕೂರಿಸಿ ಮೈಮೇಲಿನ ತೇವ, ಧೂಳು ಕಳೆಯುತ್ತಾರೆ, ಆಮೇಲೆ ಒಳಗೆ ಕಾಲು ಗಂಟೆ. ಹಿಂದಿನ ದಿನ ಮಳೆಯಲ್ಲಿ ನೆನೆದ ಜಾಕೀಟು ಹಾಕಿಕೊಂಡು ಬಂದಿದ್ದ ಒಬ್ಬರಿಗೆ ಅದನ್ನು ಹೊರಗಿಟ್ಟು ಬರಲು ಹೇಳಿದರು. ಹದಿನೈದು ನಿಮಿಷದಲ್ಲಿ ಎಲ್ಲ ನೋಡಲು ಹೊರಟರೆ ಏನೂ ಕಾಣದು. ನೋಡಬೇಕಾದ ಮೂರು ನಾಲ್ಕು ಚಿತ್ರವನ್ನು ಕಾಯುವ ಕೋಣೆಯಲ್ಲೇ ಗೊತ್ತುಮಾಡಿಕೊಳ್ಳುವುದು ಜಾಣತನ.

ಜೊತ್ತೋ ಇಲ್ಲಿ ಚಿತ್ರ ಬರೆದದ್ದು 1303ರಿಂದ 1305ರ ಸುಮಾರಿಗೆ. ಒರಟು ಗಾರೆ ಮೆತ್ತಿ, ಒಣಗಿದ ಮೇಲೆ ಅದರ ಮೇಲೆ ಕೆಂಪುಮಣ್ಣಿನಲ್ಲಿ ಕರಡು. ಆಮೇಲೆ ಬೆಳಿಗ್ಗೆ ಎದ್ದು ಆ ದಿನ ಬಣ್ಣ ಹಚ್ಚಬಲ್ಲಷ್ಟೇ ಜಾಗಕ್ಕೆ ನಯಗಾರೆ. ಬಣ್ಣದ ಪುಡಿಯನ್ನು ಬರೀ ನೀರಲ್ಲಿ ಕಲಸಿ ಹಸಿಯಲ್ಲೇ ಹಚ್ಚುತ್ತಾರೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಅಂಟಿನ ಹಂಗಿಲ್ಲ. ಸಂಜೆ ಮಿಕ್ಕ ಹಸಿಗಾರೆಯನ್ನು ಆಕೃತಿಯ ಅಂಚಿಗೆ ಸರಿಯಾಗಿ ಓರೆಗೆ ಕತ್ತರಿಸಿ ಕೆಡವಿ ಮನೆಗೆ. ಮರುದಿನದ ಗಾರೆ ಈ ಅಂಚಿನ ಮೇಲೆ ತುಸು ಏರಿ ಕೂರುತ್ತದೆ. ಆ ಗೆರೆಯೇ ದಿನದ ಗೆರೆ. ಯಾವುದು ಯಾವುದರ ಮೇಲೇರಿದೆ ಎಂದು ನೋಡಿದರೆ ಕೆಲಸ ನಡೆದ ಕ್ರಮವೇ ಸಿಗುತ್ತದೆ. ಇಡೀ ಚಾಪೆಲ್ಲಿಗೆ ಇಂಥ 625 ದಿನಗೆಲಸವೆಂದು ಲೆಕ್ಕ ಹಾಕಿದ್ದಾರೆ. ಇಟಲಿಯವರ ಮಾತಿನಲ್ಲಿ 'ಜೊರ್ನಾತಾ', ನಮ್ಮ ಗಾರೆಯವರು 'ಒಂದಾಳು ಕೆಲಸ' ಎಂದ ಹಾಗೆ. ಆಕಾಶವಾದರೆ ಒಂದು ದಿನಕ್ಕೆ ಮಾರುದ್ದ. ಮುಖ್ಯವಾದ ಮುಖವೊಂದಕ್ಕೇ ಒಂದು ದಿನ ಹಿಡಿಯಬಹುದು.

ಗೆರೆ ಕಾಣಲು ಗೋಡೆಯ ಎದುರು ನಿಲ್ಲಬಾರದು, ಪಕ್ಕಕ್ಕೆ ಸರಿದು ಓರೆಯಿಂದ ನೋಡಬೇಕು. ಏಸುವಿನ ಶವದ ಮುಂದೆ ಅಳುವವರ ಚಿತ್ರದಲ್ಲಿ ತಲೆಯ ಸುತ್ತಿನ ಪ್ರಭಾವಳಿಯ ಅಂಚಿನಲ್ಲಿ ಹೀಗೆ ಹುಡುಕಿ.

ಕೆಟ್ಟದ್ದು ಎಲ್ಲಿ? ಏಸುವಿನ ತಾಯಿ ಮರಿಯಳ ನೀಲಿ ನಿಲುವಂಗಿ ಎಷ್ಟೋ ಕಡೆ ಮಾಸಿ ಕೆಳಗಿನ ಬಣ್ಣ ಇಣುಕುತ್ತದೆ. ಅಝುರೈಟ್ ಎಂಬ ಆ ನೀಲಿ ಕಲ್ಲಿನ ಪುಡಿ ಹಸಿಸುಣ್ಣಕ್ಕೆ ಹೊಂದುವುದಿಲ್ಲ. ಗೋಡೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚಬೇಕು. ಅಂಟು ಸತ್ತಾಗ ಬಣ್ಣವೂ ಉದುರುತ್ತದೆ. ದುಬಾರಿ ಬಣ್ಣವೇ ಮೊದಲು ಹೋದದ್ದು. ಅಗ್ಗದ ಕಾವಿ ನಿನ್ನೆ ಹಚ್ಚಿದ ಹಾಗಿದೆ.

ಕಟ್ಟಿಸಿದವನು ಎನ್ರಿಕೋ ಸ್ಕ್ರೊವೆನ್ಯಿ. ಅವನಪ್ಪ ಬಡ್ಡಿವ್ಯಾಪಾರದಿಂದ ಎಷ್ಟು ಕುಖ್ಯಾತನೆಂದರೆ ದಾಂತೆ ಅವನನ್ನು ನರಕದಲ್ಲಿ ಕೂರಿಸಿದ್ದಾನೆ. ಬಾಗಿಲ ಗೋಡೆಯ ಕಡೆಯ ತೀರ್ಪಿನ ಚಿತ್ರದಲ್ಲಿ ಮಗ ಮಂಡಿಯೂರಿ ಚಾಪೆಲ್ಲಿನ ಮಾದರಿಯನ್ನೇ ಒಪ್ಪಿಸುತ್ತಿದ್ದಾನೆ. ಅದೇ ಗೋಡೆಯ ಇನ್ನೊಂದು ಬದಿಯ ನರಕದಲ್ಲಿ ಬಡ್ಡಿಯವರು ತಮ್ಮ ಹಣದ ಚೀಲದ ಹಗ್ಗಕ್ಕೇ ನೇತಾಡುತ್ತಿದ್ದಾರೆ. ಹಣ ಕೊಟ್ಟವನ ಎದುರಿಗೇ ಇದನ್ನು ಬರೆದ ಜೊತ್ತೋನ ಧೈರ್ಯವೋ, ಬರೆಸಿಕೊಂಡವನ ಧೈರ್ಯವೋ.

ಪಕ್ಕದ ಎರೆಮಿತಾನಿ ಚರ್ಚಿಗೆ ಹೋಗದೆ ಬರಬೇಡಿ, ಪ್ರವೇಶ ಪುಕ್ಕಟೆ. 1944ರ ಮಾರ್ಚ್ 11ರ ಬಾಂಬಿಗೆ ಅಲ್ಲಿನ ಒವೆತಾರಿ ಚಾಪೆಲ್ಲಿನಲ್ಲಿ ಹದಿನೈದನೇ ಶತಮಾನದ ಚಿತ್ರಗಾರ ಮಾಂತೆನ್ಯಾ ಬರೆದ ಚಿತ್ರಗಳು ಬಹುತೇಕ ಪುಡಿಯಾದವು. ಒಂದು ಕೂಗಳತೆಯಲ್ಲಿದ್ದ ಜೊತ್ತೋ ಉಳಿದ. ಆರಿಸಿಟ್ಟ ತುಣುಕುಗಳು 88,000ಕ್ಕೂ ಹೆಚ್ಚು. ಒಂದೊಂದನ್ನೂ ಹಳೆಯ ಕಪ್ಪುಬಿಳುಪು ಫೋಟೋದ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿ ಜಾಗ ಕಂಡುಹಿಡಿದು, ಗೋಡೆಯ ಮೇಲಿನ ಬೂದು ಫೋಟೋದಲ್ಲಿ ಅಲ್ಲಲ್ಲಿಗೆ ಅಂಟಿಸಿದ್ದಾರೆ. ಬೂದು ಕುದುರೆಗೆ ಒಂದೇ ಬಣ್ಣದ ಗೊರಸು.

ಸಂಜೆ ಹಳೆಯ ನ್ಯಾಯಸ್ಥಾನದ ಕಟ್ಟಡ ಪಲಾಝೊ ದೆಲ್ಲಾ ರಾಜೊನೆಯ ಕೆಳಗಿನ ಸಂತೆ. ಕಮಾನಿನ ಕಂಬದ ಬಳಿ ಕಲ್ಲಿನಲ್ಲಿ ಹದಿಮೂರನೇ ಶತಮಾನದ ಅಳತೆಗಳನ್ನು ಕೆತ್ತಿದ್ದಾರೆ: ಇಟ್ಟಿಗೆ, ಹೆಂಚು, ಧಾನ್ಯದ ಕೊಳಗ, ರೊಟ್ಟಿ. ಸಂದೇಹ ಬಂದವರು ಕೊಂಡದ್ದನ್ನು ತಂದು ಹೋಲಿಸಿಕೊಳ್ಳಬಹುದಿತ್ತು. ಗಿಣ್ಣಿನ ಅಂಗಡಿಯ ಅಜ್ಜ ತನ್ನ ರೊಟ್ಟಿಯನ್ನು ಅದರ ಮೇಲಿಟ್ಟು ತೋರಿಸಿ, "ಈಗಿನದು ಸಣ್ಣದು, ಬೆಲೆ ದೊಡ್ಡದು" ಎಂದು ನಕ್ಕರು. ಮೇಲಿನ ಸಭಾಂಗಣದಲ್ಲಿ 'ಅವಮಾನದ ಕಲ್ಲು' ಇದೆ. ಸಾಲ ತೀರಿಸಲಾರದವನು ಒಳಉಡುಪಿನಲ್ಲಿ ಅದರ ಮೇಲೆ ಮೂರು ಸಲ ಕುಕ್ಕರಿಸಿ 'ಆಸ್ತಿ ಬಿಟ್ಟುಕೊಟ್ಟೆ' ಎಂದು ಹೇಳಿ ಊರು ಬಿಡಬೇಕು. ಇದು ಕನಿಕರದ ಕಾನೂನು. ಅದಕ್ಕೆ ಮುಂಚೆ ಸಾಲಗಾರನಿಗೆ ಜೈಲೇ ಗತಿಯಾಗಿತ್ತು. 1231ರಲ್ಲಿ ಸಂತ ಅಂತೋನಿ ಹೇಳಿ ಬದಲಾಯಿಸಿದ್ದು.

ಭಾನುವಾರ: ಫ್ಲಾರೆನ್ಸ್

ತೊಸ್ಕಾನಾದ ರೊಟ್ಟಿಗೆ ಉಪ್ಪಿಲ್ಲ. ಮೊದಲ ತುತ್ತಿಗೆ ಅಡುಗೆಯವರು ಮರೆತರೇನೋ ಎನ್ನಿಸುತ್ತದೆ. ನಿನ್ನೆಯ ರೊಟ್ಟಿಯನ್ನು ಕಪ್ಪೆಲೆ ಕೋಸು, ಬಿಳಿ ಹುರುಳಿಕಾಯಿ ಬೀಜದ ಜೊತೆ ಮತ್ತೆ ಕುದಿಸಿದ ರಿಬೊಲ್ಲಿತಾದಲ್ಲಿ ಅದು ಹದಕ್ಕೆ ಬರುತ್ತದೆ, ಮಳೆಗೆ ಹೇಳಿ ಮಾಡಿಸಿದ ಊಟ.

ಬಾರ್ಜೆಲ್ಲೊ ಮ್ಯೂಸಿಯಂನಲ್ಲಿ ಎರಡು ಕಂಚಿನ ಹಲಗೆಗಳನ್ನು ಅಕ್ಕಪಕ್ಕ ತೂಗುಹಾಕಿದ್ದಾರೆ. 1401ರಲ್ಲಿ ಬ್ಯಾಪ್ಟಿಸ್ಟರಿಯ (ದೀಕ್ಷಾಸ್ನಾನದ ಮಂದಿರ) ಬಾಗಿಲಿಗೆ ನಡೆದ ಪಂದ್ಯಕ್ಕೆ ಶಿಲ್ಪಿಗಳು ಒಪ್ಪಿಸಿದ ಮಾದರಿಗಳಿವು. ವಿಷಯ ಒಂದೇ, ಬೈಬಲಿನ ಐಸಾಕನ ಬಲಿ. ಒಂದು ಬ್ರುನೆಲ್ಲೆಸ್ಕಿಯದು, ಇನ್ನೊಂದು ಗಿಬೆರ್ತಿಯದು. ಗೆದ್ದದ್ದು ಗಿಬೆರ್ತಿ. ಕಲೆಯ ಮಾತು ಇರಲಿ, ತಕ್ಕಡಿಯ ಮಾತು ಕೇಳಿ. ಬ್ರುನೆಲ್ಲೆಸ್ಕಿ ಆಕೃತಿಗಳನ್ನು ಬೇರೆ ಬೇರೆ ಎರಕ ಹೊಯ್ದು ಹಲಗೆಗೆ ಜೋಡಿಸಿದ್ದಾನೆ, ತೂಕ 25.5 ಕಿಲೊ. ಗಿಬೆರ್ತಿಯದು ಬಹುತೇಕ ಒಂದೇ ಎರಕ, ಹಿಂದೆ ಟೊಳ್ಳು, 18.5 ಕಿಲೊ. ಬಾಗಿಲಿಗೆ ಇಂಥ 28 ಹಲಗೆ ಬೇಕಿತ್ತು. ಏಳೇಳು ಕಿಲೊದಂತೆ 196 ಕಿಲೊ ಕಂಚು ಉಳಿತಾಯ. ಖರ್ಚು ಕೊಡುವ ವರ್ತಕರ ಸಂಘಕ್ಕೆ ಇದು ಕಾಣದೆ ಹೋಗಿರಲಾರದು.

ಎರಕದ ವಿಧಾನ ನಮಗೆ ಹೊಸದಲ್ಲ. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದಲ್ಲಿ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಗಿಬೆರ್ತಿಗೆ ಎರಡೂವರೆ ಶತಮಾನ ಮೊದಲೇ ಇದನ್ನು ವಿವರಿಸುತ್ತದೆ, ಮೇಣದ ತೂಕಕ್ಕೆ ಇಂತಿಷ್ಟು ಪಟ್ಟು ಲೋಹ ಎಂಬ ಲೆಕ್ಕದ ಸಮೇತ. ಕೆಡುವುದೂ ಎಲ್ಲೆಲ್ಲೂ ಒಂದೇ ಬಗೆ: ಗಾಳಿ ಹೊರಹೋಗುವ ನಾಳ ಸಾಲದೆ ಗುಳ್ಳೆ ಬೀಳುವುದು, ತೆಳುವಾದಲ್ಲಿ ಲೋಹ ಮುಟ್ಟುವ ಮುಂಚೆಯೇ ಗಟ್ಟಿಯಾಗುವುದು.

ಗಿಬೆರ್ತಿಯ ಎರಡನೇ ಬಾಗಿಲು, 1425ರಿಂದ 1452, 'ಸ್ವರ್ಗದ ಬಾಗಿಲು'. ಚೌಕದಲ್ಲಿ ಜನ ಮುಗಿಬಿದ್ದು ಫೋಟೋ ತೆಗೆಯುವುದು ನಕಲಿಗೆ. ಅಸಲಿ ದುವೊಮೊ ಎಂಬ ಮಹಾಚರ್ಚಿನ ಹಿಂದಿನ ಮ್ಯೂಸಿಯಂನಲ್ಲಿದೆ. ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು, ಕಾಯಿಸಿ ಪಾದರಸ ಹಾರಿಸಿ ಚಿನ್ನ ಉಳಿಸುವ ಮುಲಾಮು. ಆ ಹೊಗೆ ಕುಡಿದ ಕೆಲಸಗಾರರ ಗತಿ ಹೇಳುವಂತಿಲ್ಲ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ಅದರ ಅಡಿಯ ಕಂಚಿನಲ್ಲಿ ತೇವಕ್ಕೆ ಲವಣ ಬೆಳೆದು ಚಿನ್ನವನ್ನು ಒಳಗಿನಿಂದ ಗುಳ್ಳೆಯೆಬ್ಬಿಸುತ್ತದೆ. 1966ರ ನವೆಂಬರ್ 4ರ ಪ್ರವಾಹ ಹಲಗೆಗಳನ್ನೇ ಕಿತ್ತಿತ್ತು. ದುರಸ್ತಿಗೆ 27 ವರ್ಷ ಹಿಡಿದು, 2012ರಿಂದ ಅದು ತೇವ ತಡೆಯುವ ಗಾಜಿನೊಳಗಿದೆ.

ಸೋತ ಬ್ರುನೆಲ್ಲೆಸ್ಕಿ ಚೌಕದಾಚೆ ದುವೊಮೊದ ಗುಮ್ಮಟ ಕಟ್ಟಿದ, 1420ರಿಂದ 1436. ಹತ್ತಲು 463 ಮೆಟ್ಟಿಲು, ಲಿಫ್ಟಿಲ್ಲ, ಹೊತ್ತು ಮೊದಲೇ ಗೊತ್ತುಮಾಡಿರಬೇಕು, ಭಾನುವಾರ ಮಧ್ಯಾಹ್ನದ ಮೇಲಷ್ಟೇ ತೆರೆಯುವುದು. ದಾರಿ ಒಳಚಿಪ್ಪು ಹೊರಚಿಪ್ಪುಗಳ ನಡುವೆ, ಭುಜ ಎರಡೂ ಕಡೆ ತಾಗುತ್ತದೆ. ಇಟ್ಟಿಗೆ ಮೊಣಕೈ ಮಟ್ಟದಲ್ಲೇ ಸಿಗುವುದರಿಂದ ಕಟ್ಟಿದ ಗುಟ್ಟು ಇಲ್ಲೇ ಓದಬಹುದು. ಸುಮಾರು 45 ಮೀಟರ್ ಅಗಲಕ್ಕೆ ಮರದ ಆಸರೆ ಕೊಡುವಷ್ಟು ತೊಲೆ ಸಿಗುವಂತಿರಲಿಲ್ಲ. ಗೋಡೆ ಒಳಕ್ಕೆ ವಾಲಿದಂತೆ ಹಸಿಗಾರೆಯ ಮೇಲಿನ ಇಟ್ಟಿಗೆ ಜಾರಬೇಕು. ಅವನು ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನಿಲ್ಲಿಸಿ ಕಟ್ಟಿದ. ನಿಂತ ಇಟ್ಟಿಗೆಗಳ ನಡುವೆ ಮಲಗಿದವು ಸಿಕ್ಕಿಬಿದ್ದು, ಗಾರೆ ಬಿಗಿಯುವ ತನಕ ಜಾರದೆ ನಿಲ್ಲುತ್ತವೆ. ಸುತ್ತು ಕೂಡಿಕೊಂಡಿತೆಂದರೆ ಅದು ತನ್ನನ್ನು ತಾನೇ ಹೊರುತ್ತದೆ. ಗೋಡೆಯಲ್ಲಿ ಮೀನಿನ ಮುಳ್ಳಿನಂತೆ ಓರೆಯಾಗಿ ಏರುವ ಗೆರೆ ಅದೇ.

ಮೇಲೆ ತುಂತುರು ಮಳೆ. ಕಬ್ಬಿಣದ ಕಟಾಂಜನ ಹಿಡಿದವರ ಕೈಯೆಲ್ಲ ತುಕ್ಕು.

ಸೋಮವಾರ: ಒಂದು ಇದ್ದಿಲ ಕೋಣೆ

ಸಾನ್ ಲೊರೆಂಝೊ ಚರ್ಚಿನಲ್ಲಿ, ಊರನ್ನಾಳಿದ ಮೆದಿಚಿ ಮನೆತನದ ಚಾಪೆಲ್‌ಗಳಲ್ಲಿ ಮೈಕೆಲೆಂಜೆಲೊನ ಶಿಲ್ಪಗಳಿರುವ 'ಹೊಸ ಸಾಕ್ರಿಸ್ಟಿ' ಎಂಬ ಸಮಾಧಿ ಕೋಣೆ ಎಲ್ಲರೂ ನೋಡುವಂಥದ್ದು. ಅದರ ಕೆಳಗೊಂದು ಕೋಣೆ, ಸುಮಾರು 10 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. 1955ರವರೆಗೆ ಇದ್ದಿಲು ತುಂಬಿಡುತ್ತಿದ್ದರು. 1975ರಲ್ಲಿ ಪ್ರವಾಸಿಗರಿಗೆ ಹೊರದಾರಿ ಮಾಡಲು ಹುಡುಕುತ್ತ, ಗೋಡೆಯ ಗಿಲಾವನ್ನು ಪರೀಕ್ಷೆಗೆಂದು ಕೆರೆದಾಗ ಎರಡು ಪದರದ ಕೆಳಗೆ ಇದ್ದಿಲಿನ ಚಿತ್ರಗಳು ಎದ್ದವು. ಸಾರ್ವಜನಿಕರಿಗೆ ತೆರೆದದ್ದು 2023ರ ನವೆಂಬರಿನಲ್ಲಿ. ಒಂದು ಸಲಕ್ಕೆ ನಾಲ್ಕೇ ಜನ, ಹೆಚ್ಚೆಂದರೆ 15 ನಿಮಿಷ. ಟಿಕೆಟ್ ಬೇಕಾದವರು ಪ್ರವಾಸದ ದಿನ ಗೊತ್ತುಮಾಡುವ ಮುಂಚೆ ಇದನ್ನು ನೋಡಿಕೊಳ್ಳಬೇಕು, ಆಮೇಲೆ ಅಲ್ಲ. ಇಳಿಯುವ ಮೆಟ್ಟಿಲು ಕಡಿದು, ಚೀಲವೆಲ್ಲ ಮೇಲೆಯೇ ಬಿಡಬೇಕು.

1530ರಲ್ಲಿ ಮೆದಿಚಿಗಳು ಫ್ಲಾರೆನ್ಸಿಗೆ ಮರಳಿದಾಗ, ಅವರ ವಿರುದ್ಧ ಊರಿನ ಕೋಟೆ ಕೆಲಸ ಮಾಡಿಸಿದ್ದ ಮೈಕೆಲೆಂಜೆಲೊ ತಲೆಮರೆಸಿಕೊಂಡ. ಎರಡು ತಿಂಗಳು ಅಡಗಿದ್ದದ್ದು ಇಲ್ಲೇ, ಮೆದಿಚಿಗಳದೇ ಸಮಾಧಿಯ ಕೆಳಗೆ ಎಂಬುದು ಕಂಡುಹಿಡಿದವರ ಊಹೆ. ಎಲ್ಲವೂ ಅವನ ಕೈಯೇ ಎಂಬುದನ್ನು ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಗೋಡೆಯ ಮುಂದೆ ನಿಂತಾಗಲೂ ಕೆಲವು ಗೆರೆ ಅಳುಕು, ಕೆಲವು ಸರಾಗ ಎನ್ನುವುದು ಕಾಣುತ್ತದೆ. ಸರಾಗವಾದ ಒಂದು ಕುಳಿತ ಕಾಲು ಮೇಲಿನ ಕೋಣೆಯ ಜುಲಿಯಾನೊ ಪ್ರತಿಮೆಯ ಕಾಲನ್ನೇ ಹೋಲುತ್ತದೆ. ಮೊಣಕಾಲಿನ ಬಳಿ ಗೆರೆ ತಪ್ಪಿದೆ, ಪಕ್ಕದಲ್ಲೇ ಇನ್ನೊಂದು ಸರಿಯಾಗಿ ಎಳೆದಿದೆ. ತಪ್ಪಿದ್ದನ್ನು ಒರೆಸಿಲ್ಲ.

ಎತ್ತರದ ಪುಟ್ಟ ಕಿಟಕಿಯೊಂದನ್ನು ಬಿಟ್ಟರೆ ಹೊರಗಿನ ಬೆಳಕಿಲ್ಲ. ಬಾಗಿಲ ಬಳಿ ನಿಂತಿದ್ದ ಹುಡುಗ ಗಡಿಯಾರ ನೋಡಿ ಎರಡು ಬೆರಳೆತ್ತಿದ, ಎರಡು ನಿಮಿಷ. ನಾಲ್ವರಲ್ಲಿ ಯಾರೂ ಮಾತಾಡಿರಲಿಲ್ಲ. ಮೆಟ್ಟಿಲು ಹತ್ತಿ ತಿರುಗಿದಾಗ ಕೆಳಗೆ ದೀಪ ಆರಿತು. ಇದ್ದಿಲಿನ ಗೆರೆಗೆ ಬೆಳಕು ಹೆಚ್ಚಾಗಬಾರದೆಂದು ಮುಂದಿನ ನಾಲ್ವರು ಬರುವ ಮುನ್ನ ಮುಕ್ಕಾಲು ಗಂಟೆ ಕತ್ತಲು.